ಚೌಕ ನುಂಗಿದ ಸಾಲು

ನಮ್ಮ ಪತ್ರಿಕೆ ಕಾಗದದ ಮೇಲೆ ಬರುವುದು ನಿಂತು ವರ್ಷಗಳಾದವು. ಈಗ ಅದು ಬರೀ ವೆಬ್‌ಸೈಟ್. ಕೆಳಗೆ ಅಚ್ಚಿನ ಯಂತ್ರ ಇದ್ದ ಜಾಗದಲ್ಲಿ ಯಾರೋ ಸೋಫಾ ಮಾರುತ್ತಾರೆ, ಮೇಲಿನ ಹಾಲ್‌ನಲ್ಲಿ ಉಳಿದವರು ಕೂರುತ್ತೇವೆ. ಉಳಿದವರು ಅಂದರೆ ಬೇರೆಲ್ಲಿಂದಲೂ ಕರೆ ಬಾರದವರು. ಸಂಪಾದಕರು ಆಗೀಗ ಬಂದು ಮುಖ ತೋರಿಸಿ ಹೋಗುತ್ತಾರೆ. ದಿನವೂ ಇರುವವರು ನಾನು ಮತ್ತು ಮೀಸೆ, ಇಬ್ಬರೇ. ಅವನು ಫೋನಿನಲ್ಲಿ ಜಾಹೀರಾತು, ನಿಧನ ವಾರ್ತೆ ಬರೆದುಕೊಳ್ಳುತ್ತಾನೆ, ನಾನು ಪುಟ ಕಟ್ಟುತ್ತೇನೆ. ಮೀಸೆಗೆ ಈಗ ಮೀಸೆ ಇಲ್ಲ. ಹಿಂದೆ ಇತ್ತು, ಅದನ್ನು ಬೋಳಿಸಿದ ಮೇಲೂ ಹೆಸರು ಬೋಳಿಸಲಾಗಲಿಲ್ಲ.

ನಾನು ಪುಟ ಕಟ್ಟುವುದನ್ನು ಕಾಗದದ ಕಾಲದಲ್ಲಿ ಕಲಿತವಳು. ಕಾಗದದ ಪುಟಕ್ಕೆ ಒಂದು ಮರ್ಯಾದೆ ಇತ್ತು, ಇಟ್ಟದ್ದು ಇಟ್ಟಲ್ಲೇ ಇರುತ್ತಿತ್ತು. ವೆಬ್ ಪುಟಕ್ಕೆ ಆ ಮರ್ಯಾದೆ ಎಲ್ಲಿ ಬಂತು? ಒಬ್ಬ ಅಂಗೈಯಗಲದ ಫೋನಿನಲ್ಲಿ ನೋಡುತ್ತಾನೆ, ಇನ್ನೊಬ್ಬ ಗೋಡೆಯಗಲದ ಪರದೆಯಲ್ಲಿ ನೋಡುತ್ತಾನೆ, ಇಬ್ಬರ ಕಣ್ಣಿಗೂ ಪುಟ ಬೇರೆ ಬೇರೆ. ಇದು ನನ್ನ ತಲೆ ತಿನ್ನುತ್ತಿತ್ತು. ಹಾಗಾಗಿ ನನ್ನ ಕೈಗೆ ಬಂದ ಪುಟಗಳನ್ನೆಲ್ಲ ಮೊಳೆ ಹೊಡೆದ ಹಾಗೆ ನಿಲ್ಲಿಸಿಬಿಡುತ್ತಿದ್ದೆ. ಇಷ್ಟು ಅಗಲ, ಇಷ್ಟು ಎತ್ತರ, ಅಲ್ಲಾಡಕೂಡದು.

ಅದರಲ್ಲೂ ನಿಧನದ ಪುಟದ ಮೇಲೆ ನನಗೆ ವಿಶೇಷ ಹಟ. ಕಾಗದದ ಕಾಲದಲ್ಲಿ ದೊಡ್ಡ ಮನೆಯವರು ಸತ್ತರೆ ಅರ್ಧ ಪುಟ, ಬಡವರು ಸತ್ತರೆ ಮೂಲೆಯಲ್ಲಿ ಎರಡು ಬೆರಳಿನಷ್ಟು ಜಾಗ. ಅದನ್ನು ಕಂಡು ಕಂಡು ರೋಸಿಹೋಗಿದ್ದೆ. ವೆಬ್‌ಸೈಟ್ ಶುರುವಾದಾಗ ಪಟ್ಟು ಹಿಡಿದು ಎಲ್ಲರಿಗೂ ಒಂದೇ ಅಳತೆಯ ಚೌಕ ಮಾಡಿಸಿದೆ. ಎಡಕ್ಕೆ ಫೋಟೋ, ಬಲಕ್ಕೆ ಸುದ್ದಿ, ಒಂದರ ಪಕ್ಕ ಒಂದು, ಒಂದರ ಕೆಳಗೆ ಒಂದು. ಚೌಕಕ್ಕಿಂತ ಉದ್ದದ ಸುದ್ದಿ ಬಂದರೆ ನಾನೇ ಕತ್ತರಿ ಹಾಕುತ್ತಿದ್ದೆ. ಮೊದಲು ಹೋಗುತ್ತಿದ್ದದ್ದು "ಅಪಾರ ಬಂಧುಬಳಗ". ಯಾರು ಸತ್ತರೂ ಜನ "ಅಪಾರ ಬಂಧುಬಳಗವನ್ನು ಅಗಲಿದ್ದಾರೆ" ಅಂತಲೇ ಬರೆಸುತ್ತಾರೆ. ಅಷ್ಟು ಬಂಧುಬಳಗ ಇದ್ದಿದ್ದರೆ ಊರಲ್ಲಿ ಇಷ್ಟೊಂದು ಜನ ಒಂಟಿಯಾಗಿ ಊಟ ಮಾಡುತ್ತಿದ್ದರೇ?

ಒಂಟಿ ಊಟದ ವಿಷಯ ನನಗೆ ಗೊತ್ತು. ಟೈಲರ್ ಅಂಗಡಿಯ ಮೇಲಿನ ಒಂದು ಕೋಣೆ ನನ್ನ ಮನೆ. ಹಗಲು ಕೆಳಗೆ ಹೊಲಿಗೆ ಮೆಷಿನ್‌ಗಳ ಸದ್ದು, ನಾನು ಮನೆ ಸೇರುವ ಹೊತ್ತಿಗೆ ಅದೂ ನಿಂತಿರುತ್ತದೆ. ಅಮ್ಮ ಹೋದ ಮೇಲೆ ತಮ್ಮ ದೂರದ ಊರಿಗೆ ಹೋದ. ಮೊದಮೊದಲು ಫೋನ್ ಮಾಡುತ್ತಿದ್ದ, ಆಮೇಲೆ ಹಬ್ಬಹುಣ್ಣಿಮೆಗೆ ಮೆಸೇಜ್ ಬರುತ್ತಿತ್ತು, ಈಗ ಅದೂ ಇಲ್ಲ. ಜಗಳವಾಗಿಲ್ಲ. ಜಗಳವಾಗಿದ್ದರೆ ರಾಜಿಗಾದರೂ ಯಾರಾದರೂ ಬರುತ್ತಿದ್ದರೇನೋ. ರಜೆಯ ದಿನ ಸಂಜೆ ಬಾಯಿ ತೆರೆದರೆ ಗಂಟಲು ಕಟ್ಟಿರುತ್ತದೆ, ಬೆಳಗ್ಗೆಯಿಂದ ಒಂದು ಮಾತೂ ಆಡಿಲ್ಲ ಅಂತ ಆಗ ನೆನಪಾಗುತ್ತದೆ.

ಅವತ್ತು ಬೆಳಗ್ಗೆ ಮೀಸೆ ಫೋನನ್ನು ಎದೆಗೆ ಒತ್ತಿಕೊಂಡು ನನ್ನ ಕಡೆ ನೋಡಿದ.

"ಅಕ್ಕಾ, ಮತ್ತೆ ಅದೇ ಅಮ್ಮ. ಬೀಗದವರ ಮನೆಯಾಕೆ. ನನ್ನ ಕೈಲಿ ಆಗಲ್ಲ, ನೀವೇ ಮಾತಾಡಿ."

ಬೀಗ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರು ತೀರಿಕೊಂಡಿದ್ದರು. ಅವರ ಸುದ್ದಿ ಹಾಕಿದ ದಿನದಿಂದ ಅವರ ಹೆಂಡತಿ ಫೋನ್ ಮಾಡುತ್ತಲೇ ಇದ್ದರು. ಸುದ್ದಿಯಲ್ಲಿ ಮಕ್ಕಳಿದ್ದಾರೆ, ಮೊಮ್ಮಕ್ಕಳಿದ್ದಾರೆ, ತನ್ನನ್ನು ಮಾತ್ರ ಬಿಟ್ಟಿದ್ದಾರೆ ಅನ್ನುವುದು ಅವರ ದೂರು. ಮೀಸೆ ಪ್ರತಿ ಸಲವೂ ಪುಟ ತೆರೆದು ನೋಡಿ, ಇದೆ ಅಂತ ಹೇಳಿ ಸುಸ್ತಾಗಿದ್ದ. ನಾನೂ ತೆರೆದು ನೋಡಿದೆ. ಸ್ಪಷ್ಟವಾಗಿತ್ತು. "ಇಬ್ಬರು ಪುತ್ರರು, ಒಬ್ಬ ಪುತ್ರಿ ಹಾಗೂ ಮೊಮ್ಮಕ್ಕಳನ್ನು ಅಗಲಿದ್ದಾರೆ." ಅದಾದ ಮೇಲೆ ಕೊನೆಯ ಸಾಲು, "ನಮ್ಮನ್ನೆಲ್ಲ ಸಾಕಿದ ನಮ್ಮ ಅಮ್ಮ ನಮ್ಮ ಜೊತೆಗಿದ್ದಾರೆ." ಆ ಸಾಲು ನೆನಪಿತ್ತು. ನಮ್ಮ ಪದ್ಧತಿಯ ವಾಕ್ಯವಲ್ಲ ಅಂತ ಗೊಣಗಿದ್ದೆ, ಚೌಕದ ತಳಕ್ಕೆ ಸರಿಯಾಗಿ ಕೂತಿತಲ್ಲ ಅಂತ ಬಿಟ್ಟಿದ್ದೆ.

"ಅಮ್ಮಾ, ನಾನು ಪುಟ ಮಾಡೋಳು. ಕೊನೇ ಸಾಲಲ್ಲಿ ನೀವಿದೀರಿ, ಸ್ವಲ್ಪ ಸರಿಯಾಗಿ ನೋಡಿ."

"ಸರಿಯಾಗಿ ನೋಡಿಯೇ ಫೋನ್ ಮಾಡಿದ್ದು ಕಣಮ್ಮ. ಇಲ್ಲ."

"ಇದೆ. ಓದ್ತೀನಿ, ಕೇಳಿ..."

"ಓದ್ಬೇಡ!" ಅಂದರು. "ಇದೆ ಇದೆ ಅನ್ನೋರು ನನಗೆ ಮನೆ ತುಂಬ ಇದಾರೆ. ಅವ್ರು ಹೇಳೋದೊಂದು, ನನ್ನ ಕಣ್ಣಿಗೆ ಕಾಣೋದು ಇನ್ನೊಂದು."

ಫೋನ್ ಕುಕ್ಕಿದ ಸದ್ದು ಕೇಳಿಸಿತು. ನನಗೂ ಸಿಟ್ಟು ನೆತ್ತಿಗೇರಿತು. ನನ್ನ ಪುಟದಲ್ಲಿ ಇಲ್ಲದ ತಪ್ಪು ಹುಡುಕುವವರನ್ನು ಕಂಡರೆ ನನಗಾಗುವುದಿಲ್ಲ.

ಮಧ್ಯಾಹ್ನ ಮೆಟ್ಟಿಲ ಮೇಲೆ ನಿಧಾನವಾದ ಹೆಜ್ಜೆ ಸದ್ದಾಯಿತು. ಒಂದು ಬಟ್ಟೆಯ ಚೀಲ, ಒಂದು ಟ್ಯಾಬ್ಲೆಟ್, ಅವುಗಳ ಹಿಂದೆ ಸಣ್ಣ ಮೈಯ ಹಿರಿಯಾಕೆ. ಮೀಸೆ ಓಡಿಹೋಗಿ ಚೀಲಕ್ಕೆ ಕೈ ಹಾಕಿದ. ಕೊಡಲಿಲ್ಲ, ಅದನ್ನು ತೊಡೆಯ ಮೇಲಿಟ್ಟುಕೊಂಡೇ ಕುರ್ಚಿಯಲ್ಲಿ ಕೂತರು.

"ಸಂಜೆ ಬಸ್ಸಿಗೆ ತಂಗಿ ಮನೆಗೆ ಹೋಗ್ತಿದೀನಿ," ಅಂದರು. "ಇನ್ನು ಅಲ್ಲೇ ಇರೋದು. ಹೋಗೋ ಮುಂಚೆ ಒಂದು ವಿಷಯ ಇತ್ಯರ್ಥ ಆಗ್ಲಿ. ಮಕ್ಕಳು ಬಿಟ್ರೋ, ನೀವು ಬಿಟ್ರೋ, ಹೇಳ್ಬಿಡಿ. ನೀವು ಬಿಟ್ಟಿದ್ರೆ ನನಗೇನೂ ಬೇಜಾರಿಲ್ಲ."

ಟ್ಯಾಬ್ಲೆಟ್ ನನ್ನ ಮುಂದಿಟ್ಟರು. ನಾನು ಜಂಬದಿಂದಲೇ ನೋಡಿದೆ.

ಅಕ್ಷರಗಳು ನನ್ನ ಹೆಬ್ಬೆರಳಿನ ಉಗುರಿನಷ್ಟು ದೊಡ್ಡದಾಗಿದ್ದವು. ಕಣ್ಣಿನ ನಡುಭಾಗ ಮಂಜಾಗಿ, ಹಾಗೆ ದೊಡ್ಡದು ಮಾಡಿಕೊಂಡು ಬೆರಳಿಟ್ಟು ಓದುತ್ತಾರಂತೆ. ಅಕ್ಷರ ಬೆಳೆದಿತ್ತು, ನಾನು ಮೊಳೆ ಹೊಡೆದ ಚೌಕ ಬೆಳೆದಿರಲಿಲ್ಲ. ಸುದ್ದಿ ಚೌಕದ ತಳ ಮುಟ್ಟಿ ಅಲ್ಲಿಗೆ ಮಾಯವಾಗಿತ್ತು. ಹೊರಗೆ ಚೆಲ್ಲಿದ್ದನ್ನು ಬಚ್ಚಿಡು ಅಂತ ಕೋಡ್‌ನಲ್ಲಿ ಬರೆದವಳು ನಾನೇ, ಪುಟ ಗಲೀಜಾಗಿ ಕಾಣಬಾರದಲ್ಲ. ಅರ್ಧ ಕತ್ತರಿಸಿದ ಅಕ್ಷರವೊಂದು ಇಣುಕಿದ್ದರೂ ಯಾರಿಗಾದರೂ ಸಂಶಯ ಬರುತ್ತಿತ್ತು. ಇಲ್ಲಿ ಅದೂ ಇರಲಿಲ್ಲ. "ಮೊಮ್ಮಕ್ಕಳನ್ನು ಅಗಲಿದ್ದಾರೆ", ಚುಕ್ಕಿ, ಮುಗಿಯಿತು. ಅಪ್ಪಟ ಪೂರ್ತಿ ವಾಕ್ಯ. ಹೆಂಡತಿ ಇಲ್ಲ.

ನನ್ನ ಪುಟವನ್ನು ನಾನು ಉದ್ದದ ಸುದ್ದಿ ಹಾಕಿ ನೋಡಿದ್ದೆ, ಗಿಡ್ಡ ಸುದ್ದಿ ಹಾಕಿ ನೋಡಿದ್ದೆ, ಫೋನಿನಲ್ಲಿ, ದೊಡ್ಡ ಪರದೆಯಲ್ಲಿ ನೋಡಿದ್ದೆ. ಅಕ್ಷರ ದೊಡ್ಡದು ಮಾಡಿ ಮಾತ್ರ ನೋಡಿರಲಿಲ್ಲ. ಕಾಗದದಲ್ಲಿ ಓದುವವರ ಕೈಗೆ ಹೋದ ಮೇಲೆ ಅಕ್ಷರ ಬೆಳೆಯುತ್ತಿರಲಿಲ್ಲ. ಆ ಬುದ್ಧಿಯೇ ನನಗಿನ್ನೂ ಅಂಟಿಕೊಂಡಿತ್ತು.

"ಅಮ್ಮಾ, ತಪ್ಪು ನಂದು," ಅಂದೆ. "ಬರೆಸಿದೋರು ಬರೆಸಿದಾರೆ. ಬಾಕ್ಸ್ ನುಂಗಿಬಿಟ್ಟಿದೆ."

"ಬಾಕ್ಸ್ ನುಂಗೋದು ನನ್ನನ್ನೇ ಯಾಕೆ?"

"ನೀವು ಕೊನೇ ಸಾಲಲ್ಲಿದ್ರಿ, ಅದಕ್ಕೆ."

"ಅದೇ ನಾನೂ ಹೇಳೋದು," ಅಂದು ಕಿಟಕಿಯ ಕಡೆ ಮುಖ ತಿರುಗಿಸಿದರು. "ಇದ್ರೂ ಕೊನೇಲೇ ತಾನೆ."

ನನ್ನ ಕಂಪ್ಯೂಟರಿನಲ್ಲಿ ತೋರಿಸುತ್ತೇನೆ ಅಂದೆ. ಅಷ್ಟು ಸಣ್ಣ ಅಕ್ಷರ ಕಾಣುವುದಿಲ್ಲ ಅಂದರು. ಓದುತ್ತೇನೆ ಅಂದೆ. ಬೇಡವೆಂದು ತಲೆಯಾಡಿಸಿದರು. ಟ್ಯಾಬ್ಲೆಟ್‌ನಲ್ಲಿ ಆ ಒಂದು ಸಾಲನ್ನಷ್ಟೇ ಬೇರೆಯಾಗಿ ಟೈಪ್ ಮಾಡಿ ತೋರಿಸಲೇ ಅಂದರೆ, "ಈಗ ನೀನು ಟೈಪ್ ಮಾಡಿದ್ದು ನನಗ್ಯಾಕೆ? ಎಲ್ಲರೂ ನೋಡಿದ್ರಲ್ಲ, ಆ ಪುಟದಲ್ಲೇ ಕಾಣ್ಬೇಕು," ಅಂದರು. ಮೊಂಡುತನವೇ. ಆದರೆ ನನಗೆ ಅರ್ಥವಾಗುವ ಮೊಂಡುತನ.

"ಹಾಗಾದ್ರೆ ಕೂತಿರಿ," ಅಂದೆ. "ಬಸ್ ಹೊರಡೋದ್ರೊಳಗೆ ಸರಿ ಮಾಡ್ತೀನಿ."

ಮೊದಲು ಎತ್ತರದ ಮೊಳೆ ಕಿತ್ತೆ. ಕೊನೆಯ ಸಾಲೇನೋ ಹೊರಬಂತು, ಜೊತೆಗೆ ಪುಟದ ಮಾನವೂ ಹೋಯಿತು. ಒಬ್ಬರ ಸುದ್ದಿ ಇನ್ನೊಬ್ಬರ ಫೋಟೋ ಮೇಲೆ ಹತ್ತಿ ಕೂತಿತು. ನಿವೃತ್ತ ಮೇಷ್ಟ್ರ ಮುಖದ ಕೆಳಗೆ ಯಾರದೋ ಅಜ್ಜಿಯ ಹೆಸರು ಬಂತು. ಒಂದು ಮೊಳೆ ನಂಬಿಕೊಂಡು ನಾನು ಹತ್ತು ಮೊಳೆ ಹೊಡೆದಿದ್ದೆ, ಈಗ ಒಂದೊಂದನ್ನೂ ಹುಡುಕಿ ಕೀಳಬೇಕಿತ್ತು. ಪರದೆಯ ಚುಕ್ಕಿ ಎಣಿಸಿ ಕೊಟ್ಟ ಅಳತೆಗಳನ್ನೆಲ್ಲ ತೆಗೆದು, ಅಕ್ಷರದ ಅಳತೆಯಲ್ಲಿ ಕೊಡುತ್ತ ಬಂದೆ. ಅಕ್ಷರ ಬೆಳೆದರೆ ಅಂಚೂ ಬೆಳೆಯಲಿ, ಸಾಲಿನ ನಡುವಿನ ಜಾಗವೂ ಬೆಳೆಯಲಿ. ಫೋಟೋಗೆ ಅದರ ಜಾಗ ಮೊದಲೇ ಹಿಡಿದಿಟ್ಟೆ, ಯಾರೂ ಅದರ ಮೇಲೆ ಹತ್ತದ ಹಾಗೆ. ಪಕ್ಕದಲ್ಲಿ ಜಾಗ ಸಾಲದಿದ್ದರೆ ಸುದ್ದಿ ಸುಮ್ಮನೆ ಫೋಟೋ ಕೆಳಗೆ ಇಳಿಯಲಿ.

ಮೀಸೆ ಹಿರಿಯಾಕೆಗೆ ಟೀ ತಂದುಕೊಟ್ಟ. ಒಂದು ಕೈ ಚೀಲದ ಮೇಲಿಟ್ಟುಕೊಂಡೇ ಕುಡಿದರು.

"ಮಕ್ಕಳ ಜೊತೆ ಮಾತಾಡಿದ್ರಾ?" ಅಂತ ಕೇಳಿದೆ, ಕೀಲಿಮಣೆ ಕುಟ್ಟುತ್ತ.

"ಏನಂತ ಮಾತಾಡ್ಲಿ? ಇದೆ ಇದೆ ಅಂತಾರೆ. ಏನು ಹಾಕಿದೀರಿ ಹೇಳ್ರೋ ಅಂದ್ರೆ ದೊಡ್ಡೋನು ಮುಖ ಕೆಂಪು ಮಾಡ್ಕೊಂಡು ಎದ್ದುಹೋಗ್ತಾನೆ. ಸುಳ್ಳು ಹೇಳೋಕೆ ಬರದಿದ್ರೆ ಹಾಗೇ ಆಗೋದು." ಟೀ ಲೋಟ ಕೆಳಗಿಟ್ಟರು. "ನಾನು ಅವ್ರನ್ನ ಹೆತ್ತವಳಲ್ಲ ಕಣಮ್ಮ. ನಾನು ಆ ಮನೆಗೆ ಬಂದಾಗ ದೊಡ್ಡೋನಿಗೆ ಹಾಲುಹಲ್ಲು ಬೀಳ್ತಿತ್ತು, ಸಣ್ಣವಳು ತೊಟ್ಟಿಲಲ್ಲಿದ್ಲು. ಚಿಕ್ಕಮ್ಮ ಅನ್ನಿ ಅಂತ ಯಾರೋ ಹೇಳಿಕೊಟ್ರು. ಇವತ್ತಿನವರೆಗೂ ಚಿಕ್ಕಮ್ಮ. ನನಗೇನೂ ಬೇಜಾರಿರಲಿಲ್ಲ. ಚಿಕ್ಕಮ್ಮ ಅಂತಾದ್ರೂ ಒಂದು ಕಡೆ ಹಾಕಿದ್ರೆ ಸಾಕಿತ್ತು."

ನನ್ನ ಬೆರಳು ಕೀಲಿಯ ಮೇಲೆ ನಿಂತುಬಿಟ್ಟಿತು. ಮೀಸೆಯ ಕಡೆ ನೋಡಿದೆ, ಅವನೂ ನನ್ನನ್ನೇ ನೋಡುತ್ತಿದ್ದ. ಆ ಸುದ್ದಿ ಬರೆದುಕೊಂಡವನು ಅವನು. ಎದ್ದು ನನ್ನ ಕುರ್ಚಿ ಹತ್ತಿರ ಬಂದು ಪಿಸುಗುಟ್ಟಿದ.

"ಅಕ್ಕಾ, ಆ ದೊಡ್ಡ ಮಗ ಕೊನೇ ಸಾಲು ಹೇಳೋ ಮುಂಚೆ ಫೋನ್ ಇಟ್ಟುಬಿಟ್ಟಿದ್ದ. ಲೈನ್ ಕಟ್ಟಾಯ್ತು ಅನ್ಕೊಂಡಿದ್ದೆ. ಆಮೇಲೆ ಮಾಡಿ, ಒಂದೇ ಉಸಿರಲ್ಲಿ ಹೇಳಿ ಮತ್ತೆ ಇಟ್ಟ."

"ಅವನಿಗೆ ಫೋನ್ ಮಾಡು," ಅಂದೆ. "ಇವರು ಇಲ್ಲಿದಾರೆ, ಬಂದು ಕರ್ಕೊಂಡು ಹೋಗು ಅನ್ನು. ಬೇರೇನೂ ಹೇಳ್ಬೇಡ."

ಆ ಸಾಲಿನಲ್ಲಿರುವುದು ಚಿಕ್ಕಮ್ಮ ಅಲ್ಲ ಅಂತ ನನಗೆ ಹೇಳಿಬಿಡಬೇಕು ಅನ್ನಿಸುತ್ತಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅವರು ಬೇಡ ಅಂದದ್ದೇ ಅದನ್ನು, ಇನ್ನೊಬ್ಬರ ಬಾಯಿಂದ ಕೇಳುವುದನ್ನು. ತುಟಿ ಕಚ್ಚಿಕೊಂಡು ಕೆಲಸಕ್ಕೆ ತಲೆ ಬಗ್ಗಿಸಿದೆ. ಹೊರಗೆ ಬಿಸಿಲು ಇಳಿಯುತ್ತಿತ್ತು.

ಉಳಿದದ್ದು ನನ್ನ ಹಳೆಯ ಹಟ, ಎಲ್ಲರಿಗೂ ಒಂದೇ ಅಳತೆ. ಅದನ್ನು ಬಿಡಲು ಮನಸ್ಸಾಗಲಿಲ್ಲ. ಬಿಡಬೇಕಾಗಿಯೂ ಇರಲಿಲ್ಲ. ಪುಟದಲ್ಲಿ ಎಲ್ಲಕ್ಕಿಂತ ಉದ್ದದ ಸುದ್ದಿಗೆ ಎಷ್ಟು ಎತ್ತರ ಬೇಕೋ ಉಳಿದ ಚೌಕಗಳೂ ಅಷ್ಟೇ ಎತ್ತರ ಆಗಲಿ ಅಂತ ಬರೆದೆ. ಒಂದು ಬೆಳೆದರೆ ಎಲ್ಲವೂ ಬೆಳೆಯುತ್ತವೆ. ಯಾರಿಗೂ ಕತ್ತರಿ ಬೇಡ. ಗಿಡ್ಡ ಸುದ್ದಿಯ ಕೆಳಗೆ ಸ್ವಲ್ಪ ಖಾಲಿ ಉಳಿಯುತ್ತದೆ, ಅಷ್ಟೇ.

ಹೊರಗೆ, ಅಂದರೆ ವೆಬ್‌ಸೈಟಿಗೆ, ಬಿಡುವ ಮುಂಚೆ ಅದೇ ಪುಟವನ್ನು ಪರೀಕ್ಷೆಗೆಂದು ಅವರ ಟ್ಯಾಬ್ಲೆಟ್‌ನಲ್ಲಿ ತೆರೆದೆ. ಪರೀಕ್ಷೆಯ ಪುಟದಲ್ಲಿ ಮೊದಲ ಚೌಕ ಯಾವಾಗಲೂ ಅತಿ ಗಿಡ್ಡ ಸುದ್ದಿಯದು. ಪುಟ ಕಟ್ಟುವವರು ಹೀಗೆ ಅಳತೆಗೆ ಸುಳ್ಳು ಸುದ್ದಿ ಇಟ್ಟುಕೊಂಡಿರುತ್ತೇವೆ. ನನ್ನ ಗಿಡ್ಡ ಸುದ್ದಿಯನ್ನು ಕೆಲಸವಿಲ್ಲದ ಒಂದು ಮಧ್ಯಾಹ್ನ ಟೈಪ್ ಮಾಡಿದ್ದೆ. ಅದು ಅಲ್ಲಿದೆ ಅನ್ನುವುದೇ ಆ ಗಡಿಬಿಡಿಯಲ್ಲಿ ಮರೆತುಹೋಗಿತ್ತು.

ಹಿರಿಯಾಕೆ ಬೆರಳಿಟ್ಟು ಮೇಲಿನಿಂದಲೇ ಓದತೊಡಗಿದರು, ಒಂದೊಂದೇ ಪದ, ಗಟ್ಟಿಯಾಗಿ. "ಪೇಟೆಯ... ಪತ್ರಿಕೆಯೊಂದರಲ್ಲಿ... ದುಡಿಯುತ್ತಿದ್ದವರು... ಟೈಲರ್ ಅಂಗಡಿಯ... ಮೇಲಿನ ಕೋಣೆಯಲ್ಲಿ... ತೀರಿಕೊಂಡರು." ಬೆರಳು ಕೆಳಗಿಳಿಯಿತು, ಖಾಲಿಯ ಮೇಲೆ ಸ್ವಲ್ಪ ಹೊತ್ತು ಹುಡುಕಿತು. "ಇಲ್ಲೂ ನುಂಗಿದೆ ನೋಡು ನಿನ್ನ ಬಾಕ್ಸು."

"ಇಲ್ಲಮ್ಮ. ಅದು ಅಷ್ಟೇ ಇರೋದು."

"ಅಷ್ಟೇನಾ? ಯಾರೂ ಇಲ್ವಾ ಇವರಿಗೆ?"

"ಅದು ನಿಜವಾದ್ದಲ್ಲ, ಸುಮ್ನೆ ಅಳತೆಗೆ ಹಾಕಿರೋದು."

ಮಂಜುಗಣ್ಣನ್ನು ನನ್ನ ಕಡೆ ತಿರುಗಿಸಿದರು. ಎಷ್ಟು ಕಂಡಿತೋ ಗೊತ್ತಿಲ್ಲ.

"ಪಾಪ," ಅಂದರು. "ಅಳತೆಗಾದ್ರೂ ಒಬ್ಬರನ್ನ ಹಾಕ್ಬಾರದಾಗಿತ್ತಾ?"

ಮುಂದಿನ ಚೌಕಕ್ಕೆ ಪುಟ ಸರಿಸಿದೆ. ಬೀಗ ರಿಪೇರಿಯವರ ಫೋಟೋ ಬಂತು, ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡ ಮುಖ. ಅವರ ಬೆರಳು ಆ ಮುಖದ ಮೇಲೆ ಸ್ವಲ್ಪ ನಿಂತು ಕೆಳಗಿಳಿಯಿತು. ಪುತ್ರರು, ಪುತ್ರಿ, ಮೊಮ್ಮಕ್ಕಳನ್ನು ಅಗಲಿದ್ದಾರೆ. ಇಷ್ಟು ದಿನ ಮುಗಿಯುತ್ತಿದ್ದ ಜಾಗದಲ್ಲಿ ಬೆರಳು ನಿಂತಿತು. ಆಮೇಲೆ ಕೆಳಗೆ ಇನ್ನೂ ಅಕ್ಷರ ಕಂಡು ಮುಂದೆ ಹೋಯಿತು.

"ನಮ್ಮನ್ನೆಲ್ಲ... ಸಾಕಿದ... ನಮ್ಮ..."

ಅಲ್ಲಿಂದ ಮುಂದೆ ಗಟ್ಟಿಯಾಗಿ ಓದಲಿಲ್ಲ. ಬೆರಳು ಮಾತ್ರ ಮುಂದಿನ ಪದದ ಮೇಲೆ ಹೋಗಿ ಬಂತು, ಮತ್ತೆ ಹೋಗಿ ಬಂತು. ಮೀಸೆ ಯಾವುದೋ ಕಾಗದ ಹುಡುಕುವವನ ಹಾಗೆ ಮೇಜಿನ ಕೆಳಗೆ ತಲೆ ಹಾಕಿಕೊಂಡಿದ್ದ.

"ಇದು ಅವ್ರೇ ಬರೆಸಿದ್ದಾ?" ಅಂತ ತುಂಬ ಸಣ್ಣ ದನಿಯಲ್ಲಿ ಕೇಳಿದರು. "ನೀನು ಈಗ ಸೇರಿಸಿದ್ದಲ್ಲ ತಾನೆ?"

"ನಾನ್ಯಾಕಮ್ಮ ಸೇರಿಸ್ಲಿ? ನೀವು ಅವ್ರಿಗೆ ಏನಾಗಬೇಕು ಅಂತಲೇ ನನಗೆ ಗೊತ್ತಿರಲಿಲ್ಲ."

ಆ ಮಾತನ್ನು ನಂಬಿದರು. ಸೆರಗಿನಿಂದ ಮೊದಲು ಟ್ಯಾಬ್ಲೆಟ್ ಒರೆಸಿದರು, ಆಮೇಲೆ ಕಣ್ಣು.

ದೊಡ್ಡ ಮಗ ಬಂದಾಗ ಉಸಿರು ಏರಿತ್ತು, ಮೆಟ್ಟಿಲನ್ನು ಓಡಿ ಹತ್ತಿರಬೇಕು. ಅರ್ಧ ತಲೆ ನರೆತ ಮನುಷ್ಯ ಬಾಗಿಲಲ್ಲಿ ನಿಂತು ತಾಯಿಯನ್ನೂ ಚೀಲವನ್ನೂ ಟ್ಯಾಬ್ಲೆಟನ್ನೂ ನೋಡಿದ. ಅವನ ಮುಖ ನಿಜಕ್ಕೂ ಕೆಂಪಾಯಿತು.

"ಹೋಗೋಣ್ವಾ, ಚಿಕ್ಕಮ್ಮ?" ಅಂದ.

ಹಾಗೇ ಅಂದ, ಚಿಕ್ಕಮ್ಮ ಅಂತಲೇ. ಹಿರಿಯಾಕೆ ಎದ್ದರು. ಮಧ್ಯಾಹ್ನದಿಂದ ಯಾರಿಗೂ ಮುಟ್ಟಲು ಬಿಡದಿದ್ದ ಚೀಲವನ್ನು ತೆಗೆದು ಅವನ ಕೈಗೆ ಕೊಟ್ಟರು.

"ಭಾರ ಇದೆ ಕಣೋ, ಸರಿಯಾಗಿ ಹಿಡ್ಕೋ," ಅಂದರು.

ಅವರಿಬ್ಬರ ಹೆಜ್ಜೆ ಸದ್ದು ಕೆಳಗಿಳಿದು ಬೀದಿಯಲ್ಲಿ ಕರಗಿತು. ಬಸ್ ನಿಲ್ದಾಣದ ಕಡೆ ತಿರುಗಲಿಲ್ಲ ಅಂತ ಮೀಸೆ ಕಿಟಕಿಯಿಂದ ನೋಡಿ ಹೇಳಿದ. ಅವನೂ ಬ್ಯಾಗ್ ಹೆಗಲಿಗೇರಿಸಿದ. ಅವನ ಹೆಂಡತಿ ತರಕಾರಿ ತರಲು ಹೇಳಿದ್ದಳಂತೆ.

"ಅಕ್ಕಾ, ನೀವಿನ್ನೂ ಹೊರಡಲ್ವಾ?"

"ಪುಟ ಹೊರಗೆ ಬಿಟ್ಟು ಹೋಗ್ತೀನಿ. ನೀನು ನಡಿ."

ಕೊನೆಯ ಪರೀಕ್ಷೆ ಬಾಕಿ ಇತ್ತು. ಅಕ್ಷರವನ್ನು ಒಂದೊಂದೇ ಮೆಟ್ಟಿಲು ದೊಡ್ಡದು ಮಾಡುತ್ತ ಹೋದೆ. ಫೋಟೋಗಳು ತಮ್ಮ ಜಾಗ ಬಿಡಲಿಲ್ಲ, ಯಾರ ಹೆಸರೂ ಯಾರ ಮೇಲೂ ಹತ್ತಲಿಲ್ಲ, ಕೊನೆಯ ಸಾಲುಗಳೆಲ್ಲ ಉಳಿದವು. ಇಷ್ಟು ವರ್ಷದಲ್ಲಿ ನಾನು ಕಟ್ಟಿದ ಒಳ್ಳೆಯ ಪುಟ ಅದು. ತೋರಿಸೋಣ ಅಂದರೆ ಹಾಲ್‌ನಲ್ಲಿ ಯಾರೂ ಇರಲಿಲ್ಲ.

ಮೊದಲ ಚೌಕಕ್ಕೆ ವಾಪಸ್ ಬಂದೆ. ಅಳತೆಗಾದರೂ ಒಬ್ಬರನ್ನು ಹಾಕಬಾರದಾಗಿತ್ತಾ ಅಂದಿದ್ದರಲ್ಲ. ಹಾಕೋಣ ಅಂತಲೇ ಟೈಪ್ ಮಾಡಲು ಕೂತೆ. ತಮ್ಮನನ್ನು ಹಾಕಿದೆ, ಅವನಿಗೆ ಈ ಸುದ್ದಿ ಯಾರು ತಿಳಿಸುತ್ತಾರೆ ಅಂತ ಹೊಳೆಯದೆ ಅಳಿಸಿದೆ. ಮೀಸೆಯನ್ನು ಹಾಕೋಣವೆಂದರೆ ಏನಂತ ಹಾಕುವುದು? ಕೊನೆಗೆ "ಅಪಾರ ಬಂಧುಬಳಗವನ್ನು ಅಗಲಿದ್ದಾರೆ" ಅಂತ ಟೈಪ್ ಮಾಡಿ, ಒಬ್ಬಳೇ ನಕ್ಕೆ. ಊರಿನವರಿಗೆಲ್ಲ ಅದನ್ನು ಹೊಡೆದುಹಾಕಿದವಳು ನಾನು. ನನಗೆ ಮಾತ್ರ ಹೇಗೆ ಬಿಡಲಿ? ಅದನ್ನೂ ಅಳಿಸಿದೆ.

ಆಮೇಲೆ ಅಕ್ಷರವನ್ನೇ ಇನ್ನೂ ದೊಡ್ಡದು ಮಾಡಿದೆ. ಹಾಗಾದರೂ ನನ್ನ ಚೌಕ ತುಂಬೀತು ಅಂತ. ನನ್ನ ಎರಡು ಸಾಲು ನಾಲ್ಕಾಯಿತು, ಐದಾಯಿತು. ಆದರೆ ಪಕ್ಕದ ಚೌಕವೂ ಬೆಳೆಯಿತು. ಮಕ್ಕಳು, ಮೊಮ್ಮಕ್ಕಳು, ಸಾಕಿದ ಅಮ್ಮ, ಎಲ್ಲರೂ ಸೇರಿ ಚೌಕವನ್ನು ಕೆಳಕ್ಕೆ ಎಳೆದರು, ನನ್ನದೂ ಅದರ ಜೊತೆ ಇಳಿಯಿತು. ನಾನು ಎಷ್ಟು ದೊಡ್ಡದು ಮಾಡಿದೆನೋ ನನ್ನ ಕೆಳಗಿನ ಖಾಲಿಯೂ ಅಷ್ಟೇ ದೊಡ್ಡದಾಯಿತು. ಎಲ್ಲ ಚೌಕಗಳೂ ಒಂದೇ ಅಳತೆ, ನಾನೇ ಬರೆದ ನಿಯಮ, ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಅಳತೆಯ ಚೌಕವನ್ನು ತೆಗೆದುಹಾಕಿ ಪುಟವನ್ನು ಹೊರಗೆ ಬಿಟ್ಟೆ. ಮುಂದಿನ ಸಲ ಪರೀಕ್ಷೆಗೆ ಬೇಕಾಗುತ್ತದೆ ಅಂತ ಅದನ್ನು ನನ್ನ ಕಂಪ್ಯೂಟರಿನಲ್ಲಿ ಎತ್ತಿಟ್ಟುಕೊಂಡೆ. ಕಿಟಕಿ ಹಾಕಿ, ಫ್ಯಾನ್ ಆರಿಸಿ, ಮೆಟ್ಟಿಲಿಳಿದು ಮನೆ ಕಡೆ ಹೊರಟೆ. ಟೈಲರ್ ಅಂಗಡಿಯಲ್ಲಿ ಇನ್ನೂ ಒಂದು ಮೆಷಿನ್ ಓಡುತ್ತಿರಬಹುದು ಅಂತ ಬೇಗ ಬೇಗ ಹೆಜ್ಜೆ ಹಾಕಿದೆ.